ತಣ್ಣೀರುಬಾವಿಯಲ್ಲಿ ಹಕ್ಕಿ ನೋಡುವುದು ಹೇಗೆ: ಸೋಣದಿಂದ ಆಟಿಯವರೆಗೆ

"ತಣ್ಣೀರುಬಾವಿಯಲ್ಲಿ ಕಾಗೆ, ಹದ್ದು ಬಿಟ್ಟರೆ ಏನೂ ಇಲ್ಲ ಮಾರಾಯ್ರೆ" ಅಂತ ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಯಾವಾಗ ಹೋಗಿದ್ರಿ ಅಂತ ಕೇಳಿದರೆ ಉತ್ತರ ಹೆಚ್ಚುಕಮ್ಮಿ ಒಂದೇ. ಮೇ ತಿಂಗಳು, ಭಾನುವಾರ, ಸಂಜೆ ಐದೂವರೆ. ಅಂದರೆ ವಲಸೆ ಹಕ್ಕಿಗಳೆಲ್ಲ ಊರಿಗೆ ಹೊರಟ ಮೇಲೆ, ಬೀಚಿನಲ್ಲಿ ಕಾಲಿಡಲು ಜಾಗ ಇಲ್ಲದ ದಿನ, ಸೂರ್ಯ ನೇರ ಕಣ್ಣಿಗೆ ಹೊಡೆಯುವ ಹೊತ್ತಿಗೆ. ಅದೇ ಜಾಗಕ್ಕೆ ಜನವರಿಯ ಒಂದು ಬುಧವಾರ ಬೆಳಿಗ್ಗೆ ಏಳಕ್ಕೆ, ನೀರು ಇಳಿಯುತ್ತಿರುವಾಗ ಹೋಗಿ ನೋಡಿ. ಆಮೇಲೆ ಮಾತಾಡೋಣ.

ಜಾಗದ ಪರಿಚಯ ಮೊದಲು. ಮಂಗಳೂರಿನ ನಕ್ಷೆ ತೆರೆದರೆ ಒಂದು ತಮಾಷೆ ಕಾಣುತ್ತದೆ. ಗುರುಪುರ ನದಿ, ಅಂದರೆ ಫಲ್ಗುಣಿ, ಪೂರ್ವದಿಂದ ಹರಿದು ಬಂದು, ಸಮುದ್ರ ಇನ್ನೇನು ಸಿಕ್ಕೇಬಿಟ್ಟಿತು ಅನ್ನುವಾಗ ದಕ್ಷಿಣಕ್ಕೆ ತಿರುಗುತ್ತದೆ. ಕಡಲಿನ ಪಕ್ಕಪಕ್ಕದಲ್ಲೇ ಸುಮಾರು ದೂರ ಹೋಗಿ, ನೇತ್ರಾವತಿಯನ್ನು ಕೂಡಿಕೊಂಡು ಅಳಿವೆಯಲ್ಲಿ ಸಮುದ್ರ ಸೇರುತ್ತದೆ. ಈ ಹೊಳೆಗೂ ಕಡಲಿಗೂ ನಡುವೆ ಉಳಿದ ಮರಳಿನ ಪಟ್ಟಿಯೇ ತಣ್ಣೀರುಬಾವಿ, ಅದರ ದಕ್ಷಿಣಕ್ಕೆ ಬೆಂಗ್ರೆ. ಪಟ್ಟಿಯ ಮೇಲೆ ಅರಣ್ಯ ಇಲಾಖೆಯ ಟ್ರೀ ಪಾರ್ಕ್ ಇದೆ. ಹಾಗಾಗಿ ಒಂದೇ ಬೆಳಿಗ್ಗೆ, ನಡೆದೇ ಹೋಗುವಷ್ಟು ದೂರದಲ್ಲಿ, ತೆರೆದ ಬೀಚು, ಮರಗಳ ನೆರಳು, ಹೊಳೆಯ ಕೆಸರು ದಡ ಮೂರೂ ಸಿಗುತ್ತವೆ. ಹೊಳೆಯ ಆಚೆ ಮೀನಿನ ದಕ್ಕೆ, ಅಂದರೆ ದೋಣಿಗಳು ಮೀನು ಇಳಿಸುವ ಕಟ್ಟೆ, ಬೇರೆ. ಇಂಥ ಜಾಗ ಕರಾವಳಿಯಲ್ಲಿ ಬೇಕಾದಷ್ಟಿಲ್ಲ.

ಹೋಗುವ ದಾರಿ ಎರಡು. ಕೂಳೂರು ಕಡೆಯಿಂದ ರಸ್ತೆಯಲ್ಲಿ ಹೋಗಬಹುದು. ನನಗೆ ಇಷ್ಟ ದೋಣಿ. ಟಿಪ್ಪು 1784ರಲ್ಲಿ ಕಟ್ಟಿಸಿದ ಸುಲ್ತಾನ್ ಬತ್ತೇರಿಯ ಬುಡದಿಂದ ಹೊಳೆ ದಾಟಿಸುತ್ತಾರೆ. ಆ ಐದು ನಿಮಿಷದಲ್ಲೇ ನೀರುಕಾಗೆ, ಗರುಡ, ಮಿಂಚುಳ್ಳಿ ಆಗಿಹೋಗುತ್ತದೆ. ಚಿಲ್ಲರೆ ಇಟ್ಟುಕೊಳ್ಳಿ.

ಮೊದಲು ನೀರು ನೋಡಿ, ಆಮೇಲೆ ಹಕ್ಕಿ

ಕೆರೆ ಬದಿಯಲ್ಲಿ ಹಕ್ಕಿ ನೋಡಿ ಅಭ್ಯಾಸ ಇರುವವರು ಎಡವುವುದು ಇಲ್ಲೇ. ಕೆರೆಗೆ ಬೆಳಿಗ್ಗೆ ಬೇಗ ಹೋದರೆ ಕೆಲಸ ಮುಗಿಯಿತು. ಕಡಲ ತೀರದ ಹಕ್ಕಿಗೆ ಊಟದ ಗಂಟೆ ಹೊಡೆಯುವುದು ಇಳಿತ. ನೀರು ಹಿಂದೆ ಸರಿದಾಗ ಹಸಿ ಮರಳಿನಲ್ಲಿ, ಕೆಸರಿನಲ್ಲಿ ಹುಳ, ಮರಿ ಏಡಿ, ಸಣ್ಣ ಚಿಪ್ಪು ಸಿಗುತ್ತವೆ. ನೀರು ಏರಿದರೆ ಬಡಿಸಿದ ಎಲೆ ಮುಚ್ಚಿಹೋದ ಹಾಗೆ. ಆಗ ಎಲ್ಲವೂ ಯಾವುದಾದರೂ ಒಣ ಮರಳು ದಿಬ್ಬದ ಮೇಲೆ ಸೇರಿ, ಗಾಳಿಗೆ ಮುಖ ಮಾಡಿ, ಒಂದು ಕಾಲಲ್ಲಿ ನಿಂತು ನಿದ್ದೆ ತೆಗೆಯುತ್ತವೆ.

ಲೆಕ್ಕ ಸುಲಭ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ. ಎರಡು ಇಳಿತವೂ ಒಂದೇ ಮಟ್ಟಕ್ಕೆ ಇಳಿಯುವುದಿಲ್ಲ, ಒಂದು ಜಾಸ್ತಿ, ಒಂದು ಕಮ್ಮಿ. ಪ್ರತಿದಿನ ಸಮಯ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಇವತ್ತು ಬೆಳಿಗ್ಗೆ ಏಳಕ್ಕೆ ಇಳಿತ ಇದ್ದರೆ ನಾಳೆ ಎಂಟಕ್ಕೆ ಹತ್ತು ನಿಮಿಷ ಇರುವಾಗ. ಹೀಗೇ ಜಾರುತ್ತಾ ಹೋಗಿ ಹದಿನೈದು ದಿನಕ್ಕೆ ಮತ್ತೆ ಬೆಳಿಗ್ಗೆ ಏಳರ ಆಸುಪಾಸಿಗೇ ಬಂದು ನಿಲ್ಲುತ್ತದೆ. ಇದೊಂದು ಗೊತ್ತಿದ್ದರೆ ಸಾಕು, ಒಂದು ಒಳ್ಳೆಯ ಬೆಳಿಗ್ಗೆ ಸಿಕ್ಕಿದಾಗ ಮುಂದಿನ ನಾಲ್ಕು ಬೆಳಿಗ್ಗೆಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಬಹುದು. ನಾನು ಹಾಗೇ ಮಾಡುವುದು.

ಹುಣ್ಣಿಮೆ, ಅಮಾವಾಸ್ಯೆ ಮತ್ತು ಅದರ ನಂತರದ ಒಂದೆರಡು ದಿನ ನೀರು ತುಂಬ ಏರಿ ತುಂಬ ಇಳಿಯುತ್ತದೆ. ಅಷ್ಟಮಿಯ ಹೊತ್ತಿಗೆ ಏರಿಳಿತ ಮಂಕು. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ಏರಿಳಿತದ ಅಂತರ ಹತ್ತು ಮೀಟರಿನವರೆಗೂ ಹೋಗುತ್ತದೆ, ಅಲ್ಲಿ ಅಷ್ಟಮಿಯೂ ನಡೆಯುತ್ತದೆ. ಮಂಗಳೂರಿನಲ್ಲಿ ದೊಡ್ಡ ದಿನಗಳಲ್ಲೂ ಅಂತರ ಒಂದೂವರೆ ಮೀಟರಿನ ಆಸುಪಾಸು. ಅಷ್ಟಮಿಯಂದು ಹೋದರೆ ಹೊಳೆಯ ಕೆಸರು ಒಂದು ಚಾಪೆಯಷ್ಟು ಕಂಡರೆ ಪುಣ್ಯ. ಅದಕ್ಕೇ ಇಲ್ಲಿ ಪಂಚಾಂಗ ನೋಡುವುದು ಮುಖ್ಯ. ಗಂಟೆ ನಿಮಿಷ ಬೇಕಾದರೆ ಯಾವುದಾದರೂ ಟೈಡ್ ಆ್ಯಪ್‌ನಲ್ಲಿ ಮಂಗಳೂರು ಅಂತ ಹುಡುಕಿ. ಹೊಳೆಯ ಒಳಗೆ ಇಳಿತ ಕಡಲಿಗಿಂತ ಸ್ವಲ್ಪ ತಡ ಅನ್ನುವುದು ನೆನಪಿರಲಿ.

ಯಾವ ಕೆಲಸಕ್ಕೆ ಯಾವ ನೀರು? ಹಕ್ಕಿಗಳು ತಿನ್ನುವುದನ್ನು, ಓಡಾಡುವುದನ್ನು ನೋಡಬೇಕಾದರೆ ಇಳಿತಕ್ಕೆ ಒಂದೂವರೆ ಗಂಟೆ ಮುಂಚೆ ತಲುಪಿ, ಇಳಿತ ಆಗಿ ಒಂದು ಗಂಟೆಯವರೆಗೆ ಇರಿ. ಎಣಿಸಬೇಕು, ಯಾವ ರೀವ (ಟರ್ನ್) ಯಾವ ಕಡಲಕ್ಕಿ (ಗಲ್) ಅಂತ ನಿಧಾನ ಹೋಲಿಸಿ ನೋಡಬೇಕು ಅಂದರೆ ಭರತಕ್ಕೆ ಒಂದು ಗಂಟೆ ಮುಂಚೆ ಹೋಗಿ ಒಂದು ಕಡೆ ಕುಳಿತುಬಿಡಿ. ನೀರು ಏರುತ್ತಾ ಬಂದ ಹಾಗೆ ಅವಕ್ಕೆ ಜಾಗ ಕಮ್ಮಿಯಾಗಿ, ತಾವಾಗಿಯೇ ನಿಮ್ಮ ಕಡೆಗೆ ಸರಿಯುತ್ತವೆ. ನೀವು ಎದ್ದು ಹತ್ತಿರ ಹೋದರೆ ಹಾರಿಹೋಗುವ ಅದೇ ಹಕ್ಕಿ!

ಬೆಳಿಗ್ಗೆ ಕಡಲು, ಸಂಜೆ ಹೊಳೆ

ಪಟ್ಟಿಯ ಪಶ್ಚಿಮಕ್ಕೆ ಸಮುದ್ರ, ಪೂರ್ವಕ್ಕೆ ಹೊಳೆ. ಬೆಳಿಗ್ಗೆ ಕಡಲಿಗೆ ಮುಖ ಮಾಡಿದರೆ ಸೂರ್ಯ ಬೆನ್ನ ಹಿಂದೆ, ಒಂದೊಂದು ಗರಿಯ ಬಣ್ಣವೂ ಕಾಣುತ್ತದೆ. ಸಂಜೆ ಅದೇ ಕಡೆ ನೋಡಿದರೆ ಎಲ್ಲ ಹಕ್ಕಿಯೂ ಕರಿ ಕಾಗದದಲ್ಲಿ ಕತ್ತರಿಸಿದ ಹಾಗೆ. ಸಂಜೆ ಹೊಳೆಯ ಕಡೆ ತಿರುಗಿ. ಇಷ್ಟು ಸಣ್ಣ ವಿಷಯ ನನಗೆ ಹೊಳೆಯಲು ಒಂದು ಇಡೀ ಚಳಿಗಾಲ ಬೇಕಾಯಿತು ಅಂದರೆ ನಗಬೇಡಿ. ಸಂಜೆ ತೆಗೆದ ಮುನ್ನೂರು ಫೋಟೋದಲ್ಲಿ ಒಂದನ್ನೂ ಗುರುತಿಸಲು ಆಗದೆ ಬುದ್ಧಿ ಬಂತು.

ಇನ್ನೊಂದು, ಪಾರ್ಕಿನ ಗೇಟು ಸೂರ್ಯ ಹುಟ್ಟುವ ಹೊತ್ತಿಗೆ ತೆರೆದಿರುವುದಿಲ್ಲ. ಅದೇನೂ ನಷ್ಟ ಅಲ್ಲ. ಮೊದಲು ಬೀಚು, ಬಿಸಿಲು ಏರಿದ ಮೇಲೆ ಪಾರ್ಕಿನ ನೆರಳು.

ಕೈಯಲ್ಲಿ ಏನಿರಬೇಕು

ಒಂದು ಬೈನಾಕ್ಯುಲರ್. 8×42 ಅಂತ ಬರೆದಿರುವುದು ತಗೊಳ್ಳಿ. 8 ಅಂದರೆ ಎಷ್ಟು ಪಟ್ಟು ಹತ್ತಿರ ಕಾಣುತ್ತದೆ ಅಂತ, 42 ಅಂದರೆ ಮುಂದಿನ ಗಾಜಿನ ಅಗಲ ಮಿಲಿಮೀಟರಿನಲ್ಲಿ. 10×42 ಇನ್ನೂ ಹತ್ತಿರ ತೋರಿಸುತ್ತದೆ ನಿಜ, ಆದರೆ ಕಡಲ ಗಾಳಿಯಲ್ಲಿ ಕೈ ನಡುಗಿದರೆ ಆ ನಡುಕವೂ ಹತ್ತು ಪಟ್ಟು. ರಸ್ತೆ ಬದಿಯಲ್ಲಿ ಸಿಗುವ "ನೂರು ಪಟ್ಟು" ಆಟಿಕೆಗಳಿಗೆ ದುಡ್ಡು ಹಾಕಬೇಡಿ. ದೂರದ ಮರಳು ದಿಬ್ಬಕ್ಕೆ ಸ್ಪಾಟಿಂಗ್ ಸ್ಕೋಪ್, ಅಂದರೆ ಮುಕ್ಕಾಲಿಯ ಮೇಲೆ ನಿಲ್ಲಿಸುವ ದುರ್ಬೀನು, ಇದ್ದರೆ ಸ್ವರ್ಗ, ಆದರೆ ಅದು ಎರಡನೇ ವರ್ಷದ ಆಸೆ. ಮೊದಲ ವರ್ಷ ಬೇಡ.

ಉಪ್ಪು ಗಾಳಿಯ ಬಗ್ಗೆ ಯಾರೂ ಹೇಳುವುದಿಲ್ಲ. ಗಾಜಿನ ಮೇಲೆ ಕೂತ ಉಪ್ಪನ್ನು, ಮರಳನ್ನು ಒಣ ಬಟ್ಟೆಯಲ್ಲಿ ತಿಕ್ಕಿದರೆ ಗೀರು ಗ್ಯಾರಂಟಿ. ಮೊದಲು ಊದಿ ಮರಳು ಹಾರಿಸಿ, ಆಮೇಲೆ ಒದ್ದೆ ಮಾಡಿದ ಮೆತ್ತನೆ ಬಟ್ಟೆಯಿಂದ ಮೆಲ್ಲಗೆ ಒರೆಸಿ. ಮನೆಗೆ ಬಂದ ದಿನವೇ. ನನ್ನ ಮೊದಲ ಬೈನಾಕ್ಯುಲರ್ ಹಾಳಾಗಿದ್ದು ಅಂಗಿಯ ಅಂಚಿನಿಂದ ಒರೆಸಿ ಒರೆಸಿ.

ಮತ್ತೆ ಟೊಪ್ಪಿ, ನೀರು, ಒಂದು ಸಣ್ಣ ನೋಟ್ ಪುಸ್ತಕ. ಚಪ್ಪಲಿ ಬದಲು ಒದ್ದೆಯಾದರೂ ತೊಂದರೆ ಇಲ್ಲದ ಶೂ. ಮರ್ಲಿನ್ ಅನ್ನುವ ಉಚಿತ ಆ್ಯಪ್ ಇದೆ, ಫೋನಿಗೆ ಇಳಿಸಿಕೊಳ್ಳಿ. ಪಾರ್ಕಿನ ಒಳಗೆ ಕೂಗು ಕೇಳಿ ಹೆಸರು ಹೇಳಲು ಅದು ಒಳ್ಳೆಯದು. ಬೀಚಿನಲ್ಲಿ ಅಲೆಯ ಸದ್ದಿಗೆ ಅದಕ್ಕೂ ತಲೆ ಕೆಡುತ್ತದೆ.

ಸೋಣ ಬಂದರೆ ಹಕ್ಕಿ ಬಂತು

ಹಕ್ಕಿ ನೋಡುವವರ ವರ್ಷ ಜನವರಿಯಲ್ಲಿ ಶುರುವಾಗುವುದಿಲ್ಲ. ತುಳುವರ ಆಟಿ ತಿಂಗಳು ಮುಗಿದು ಸೋಣ ತಿಂಗಳು ಕಾಲಿಡುವಾಗ, ಅಂದರೆ ಆಗಸ್ಟ್ ನಡುವಿನಲ್ಲಿ, ಮಳೆ ಇನ್ನೂ ಬಿಟ್ಟುಬಿಟ್ಟು ಹೊಯ್ಯುತ್ತಿರುವಾಗಲೇ ಮೊದಲ ವಲಸಿಗರು ಬೀಚಿನಲ್ಲಿ ಇರುತ್ತಾರೆ. ಸ್ಯಾಂಡ್ ಪ್ಲವರ್‌ಗಳು, ಕಾಮನ್ ಸ್ಯಾಂಡ್‌ಪೈಪರ್, ಕೆಳಕ್ಕೆ ಬಾಗಿದ ಉದ್ದ ಕೊಕ್ಕಿನ ವಿಂಬ್ರೆಲ್. ಮರಿ ಮಾಡಿ ಮುಗಿಸಿ ಬಂದ ದೊಡ್ಡ ಹಕ್ಕಿಗಳು ಮೊದಲು, ಆ ವರ್ಷದ ಮರಿಗಳು ಆಮೇಲೆ. ಅಪ್ಪ ಅಮ್ಮ ಮುಂದೆ ಬಂದುಬಿಟ್ಟಿರುತ್ತಾರೆ, ಮರಿಗಳು ದಾರಿ ತೋರಿಸುವವರಿಲ್ಲದೆ ಸಾವಿರಾರು ಕಿಲೋಮೀಟರ್ ಹಾರಿ ಬರುತ್ತವೆ. ಯೋಚಿಸಿದರೆ ಮೈ ಜುಮ್ ಅನ್ನುತ್ತದೆ ಅಲ್ವಾ?

ಸಣ್ಣ ಕಂದು ಹಕ್ಕಿಗಳನ್ನು ನೋಡಿ ಹೆದರಬೇಡಿ. ಬಣ್ಣ ಬಿಡಿ, ನಡಿಗೆ ನೋಡಿ. ನಾಲ್ಕು ಹೆಜ್ಜೆ ಓಡಿ, ಗಕ್ಕನೆ ನಿಂತು, ಒಮ್ಮೆ ಕುಕ್ಕಿ, ಮತ್ತೆ ಓಡಿದರೆ ಅದು ಪ್ಲವರ್. ಕಣ್ಣಿನಿಂದ ಹುಡುಕಿ ಹಿಡಿಯುವ ಜಾತಿ, ಅದಕ್ಕೇ ಕಣ್ಣು ದೊಡ್ಡದು, ಕೊಕ್ಕು ಚಿಕ್ಕದು. ನಿಲ್ಲದೆ ಕೊಕ್ಕನ್ನು ಹೊಲಿಗೆ ಯಂತ್ರದ ಹಾಗೆ ಕೆಸರಿಗೆ ಚುಚ್ಚುತ್ತಾ ಹೋದರೆ ಸ್ಯಾಂಡ್‌ಪೈಪರ್ ಕುಲ. ನಿಂತಲ್ಲೇ ಹಿಂಭಾಗ ಕುಣಿಸುತ್ತಾ ಹೊಳೆ ಬದಿಯ ಕಲ್ಲಿನ ಮೇಲೆ ಒಂಟಿಯಾಗಿ ಇರುವುದು ಕಾಮನ್ ಸ್ಯಾಂಡ್‌ಪೈಪರ್. ಅಲೆ ಬಂದಾಗ ದಡಕ್ಕೆ ಓಡಿ, ಅಲೆ ಹಿಂದೆ ಹೋದಾಗ ಅದರ ಬೆನ್ನು ಹತ್ತಿ ಓಡುವ, ಮೊದಲ ಸಲ ಸಮುದ್ರ ಕಂಡ ಘಟ್ಟದ ಮೇಲಿನ ಮಕ್ಕಳ ಥರದ ಬಿಳಿ ಹಕ್ಕಿಗಳು ಸ್ಯಾಂಡರ್ಲಿಂಗ್. ಅವು ಬಂದಿರುವುದು ಉತ್ತರ ಧ್ರುವದ ಸುತ್ತಲಿನ ನಾಡಿನಿಂದ.

ಪ್ಲವರ್‌ಗಳ ಒಳಗೆ ಕೆಂಟಿಶ್ ಪ್ಲವರ್‌ಗೆ ಕುತ್ತಿಗೆಯ ಹಿಂದೆ ಸುತ್ತಿ ಬರುವ ಬಿಳಿ ಪಟ್ಟಿ ಇದೆ, ಸ್ಯಾಂಡ್ ಪ್ಲವರ್‌ಗೆ ಇಲ್ಲ. ಇಷ್ಟು ಬೇಗ ಬರುತ್ತದೆ. ಸ್ಯಾಂಡ್ ಪ್ಲವರ್‌ಗಳಲ್ಲಿ ಯಾವುದು ದೊಡ್ಡದು ಯಾವುದು ಚಿಕ್ಕದು ಅನ್ನುವುದು ಅನುಭವಿಗಳಿಗೂ ಜಗಳದ ವಿಷಯ. ಸಾಲದ್ದಕ್ಕೆ 2023ರಲ್ಲಿ ಲೆಸ್ಸರ್ ಸ್ಯಾಂಡ್ ಪ್ಲವರನ್ನೇ ಸೈಬೀರಿಯದ್ದು, ಟಿಬೆಟ್‌ನದ್ದು ಅಂತ ಎರಡು ಮಾಡಿದರು. ಖಚಿತ ಇಲ್ಲದಿದ್ದರೆ ಸುಮ್ನೆ "ಸ್ಯಾಂಡ್ ಪ್ಲವರ್" ಅಂತ ಬರೆಯಿರಿ. ಅದರಲ್ಲಿ ಮರ್ಯಾದೆ ಹೋಗುವುದೇನೂ ಇಲ್ಲ.

ಅಕ್ಟೋಬರಿನಲ್ಲಿ ಇನ್ನೊಂದು ಸಂಭ್ರಮ ಪಾರ್ಕಿನ ಮರಗಳ ಕೆಳಗೆ. ಉತ್ತರ ಭಾರತದಿಂದ ರಾತ್ರಿ ಹಾರಿ ಬರುವ ನವರಂಗ ಹಕ್ಕಿ ಸುಸ್ತಾಗಿ ಎಲ್ಲೆಂದರಲ್ಲಿ ಇಳಿಯುವ ಕಾಲ ಇದು. ಒಣ ಎಲೆ ಕೆದಕುವ ಸದ್ದು ಕೇಳಿದರೆ ಕಾಲು ನಿಲ್ಲಿಸಿ. ಬೆಳಗ್ಗೆ ಸಂಜೆ ಎರಡು ಸ್ವರದ ಶಿಳ್ಳೆ ಹಾಕುತ್ತದೆ, ಉಳಿದ ಹೊತ್ತು ಪತ್ತೆಯೇ ಇಲ್ಲ.

ಮೇಳ ಹೊರಟ ಮೇಲೆ: ನವೆಂಬರಿನಿಂದ ಫೆಬ್ರವರಿ

ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡುವ ಹೊತ್ತಿಗೆ ಕಡಲಕ್ಕಿಗಳ ಮೇಳವೂ ಬಂದಿರುತ್ತದೆ. ಮೇ ಕೊನೆಯ ಪತ್ತನಾಜೆಗೆ ಮೇಳದವರು ಗೆಜ್ಜೆ ಬಿಚ್ಚುವ ಮುಂಚೆಯೇ ಇವು ಜಾಗ ಖಾಲಿ ಮಾಡಿರುತ್ತವೆ. ಅತಿ ಜಾಸ್ತಿ ಕಾಣುವುದು ಕಂದು ತಲೆಯ ಕಡಲಕ್ಕಿ. ಹೆಸರು ನಂಬಿ ಕಂದು ತಲೆ ಹುಡುಕಬೇಡಿ, ಚಳಿಗಾಲದಲ್ಲಿ ತಲೆ ಬಿಳಿ, ಕಣ್ಣಿನ ಹಿಂದೆ ಒಂದು ಕಪ್ಪು ಬೊಟ್ಟು ಅಷ್ಟೇ. ರೆಕ್ಕೆಯ ತುದಿ ಕಪ್ಪು, ಅದರೊಳಗೆ ಕನ್ನಡಿಯಂಥ ಬಿಳಿ ಮಚ್ಚೆ. ಇವು ಮರಿ ಮಾಡುವುದು ಲಡಾಖ್, ಟಿಬೆಟ್ ಕಡೆಯ ಎತ್ತರದ ಸರೋವರಗಳಲ್ಲಿ. ಇವುಗಳ ನಡುವೆ ಪಿಳ್ಳೆಗಳ ಪಕ್ಕ ಹುಂಜ ನಿಂತ ಹಾಗೆ ಗಾತ್ರದಲ್ಲಿ ಎದ್ದು ಕಾಣುವ, ಬೆನ್ನು ಗಾಢ ಬೂದು ಬಣ್ಣದ ದೊಡ್ಡ ಕಡಲಕ್ಕಿ ಕಂಡರೆ ಅದು ಲೆಸ್ಸರ್ ಬ್ಲ್ಯಾಕ್-ಬ್ಯಾಕ್ಡ್ ಗಲ್ ಗುಂಪಿನದು.

ಕಡಲಕ್ಕಿ ನೋಡಲು ಬೀಚಿಗಿಂತ ಒಳ್ಳೆಯ ಜಾಗ ದಕ್ಕೆ. ವಾಸನೆಗೆ ಮೂಗು ಮುಚ್ಚಿಕೊಂಡರೂ ಪರವಾಗಿಲ್ಲ, ಒಮ್ಮೆ ಹೋಗಿ. ಬೂತಾಯಿ, ಬಂಗುಡೆ ಇಳಿಸುವಾಗ ಬೇಡದ ಸಣ್ಣ ಮೀನು ನೀರಿಗೆ ಬೀಳುತ್ತದೆ, ನೂರಾರು ಹಕ್ಕಿ ನಿಮ್ಮ ತಲೆಯ ಮೇಲೆಯೇ ಕಿತ್ತಾಡುತ್ತವೆ. ಅಲ್ಲಿ ಜನ ಕೆಲಸ ಮಾಡುತ್ತಿರುತ್ತಾರೆ, ಅಡ್ಡ ನಿಲ್ಲಬೇಡಿ. ಬಂದರಿನ ಸುತ್ತ, ಕೋಸ್ಟ್ ಗಾರ್ಡ್ ಹಡಗುಗಳ ಕಡೆ ಕ್ಯಾಮೆರಾ ತಿರುಗಿಸಬೇಡಿ. ದೊಡ್ಡ ಲೆನ್ಸ್ ಹಿಡಿದವನಿಗೆ ಅಲ್ಲಿ ಪ್ರಶ್ನೆಗಳು ಜಾಸ್ತಿ.

ರೀವಗಳ ವಿಷಯಕ್ಕೆ ಬಂದರೆ, ಕೊಕ್ಕು ಒಂದನ್ನೇ ನೋಡಿ, ಮುಕ್ಕಾಲು ಕೆಲಸ ಮುಗಿಯುತ್ತದೆ. ನಿಂಬೆ ಹಳದಿ ಕೊಕ್ಕು, ದೊಡ್ಡ ಗಾತ್ರ, ತಲೆಯ ಹಿಂದೆ ಎದ್ದ ಜುಟ್ಟು ಇದ್ದರೆ ಗ್ರೇಟರ್ ಕ್ರೆಸ್ಟೆಡ್. ಅದಕ್ಕಿಂತ ಚಿಕ್ಕದು, ಕೊಕ್ಕು ಕಿತ್ತಳೆ, ಅದು ಲೆಸ್ಸರ್ ಕ್ರೆಸ್ಟೆಡ್. ಕಪ್ಪು ಕೊಕ್ಕಿನ ತುದಿಯನ್ನು ಹಳದಿ ಬಣ್ಣದಲ್ಲಿ ಅದ್ದಿ ತೆಗೆದ ಹಾಗಿದ್ದರೆ ಸ್ಯಾಂಡ್‌ವಿಚ್ ಟರ್ನ್. ದಪ್ಪ, ಮೊಂಡು, ಪೂರ್ತಿ ಕಪ್ಪು ಕೊಕ್ಕು ಗಲ್-ಬಿಲ್ಡ್ ಟರ್ನ್‌ನದು. ಕ್ಯಾರೆಟ್ ಕಚ್ಚಿಕೊಂಡು ಹಾರುತ್ತಿದೆಯೇನೋ ಅನ್ನಿಸುವ ಭಾರೀ ಕೆಂಪು ಕೊಕ್ಕು ಕಂಡರೆ ಕ್ಯಾಸ್ಪಿಯನ್. ರೀವಗಳಲ್ಲೇ ದೊಡ್ಡದು ಅದು, ಅಪರೂಪಕ್ಕೆ ಸಿಗುತ್ತದೆ, ಸಿಕ್ಕ ದಿನ ಬೇರೆ ಏನೂ ಸಿಗದಿದ್ದರೂ ನಡೆಯುತ್ತದೆ.

ಇಡೀ ಗುಂಪು ಎಣಿಸುವುದು ಹೇಗೆ? ಹತ್ತು ಹಕ್ಕಿ ಬಿಡಿಬಿಡಿಯಾಗಿ ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿಯಿತು ಅಂತ ಕಣ್ಣಿನಲ್ಲಿ ಅಳತೆ ಮಾಡಿಕೊಂಡು, ಅಂಥ ತುಂಡುಗಳು ಎಷ್ಟಿವೆ ಎಣಿಸಿ. ಎರಡು ಸಲ ಮಾಡಿ. ಎರಡೂ ಸಲ ತೀರಾ ಬೇರೆ ಬಂದರೆ ಮೂರನೇ ಸಲ.

ತಲೆಯ ಮೇಲೆ ಹಾರುವವರ ಕಥೆ ಬೇರೆ. ಕೆಂಪು ಮೈ, ಬಿಳಿ ತಲೆಯ ಗರುಡ ಎಲ್ಲರಿಗೂ ಗೊತ್ತು. ಅದರ ಮರಿ ಮಾತ್ರ ಕಂದು ಬಣ್ಣ, ಥೇಟ್ ಹದ್ದಿನ ಹಾಗೆ. ಬಾಲ ನೋಡಿ. ತುದಿ ಗುಂಡಗಿದ್ದರೆ ಗರುಡ, ಕವಲೊಡೆದಿದ್ದರೆ ಹದ್ದು. ಇವೆರಡಕ್ಕಿಂತ ಎಷ್ಟೋ ದೊಡ್ಡದಾಗಿ, ಹೊಟ್ಟೆ ಬಿಳಿ, ರೆಕ್ಕೆಯನ್ನು ಮೇಲಕ್ಕೆ ಎತ್ತಿ ಹಿಡಿದು ನಿಧಾನ ತೇಲುತ್ತಿದ್ದರೆ ಅದು ಬಿಳಿ ಹೊಟ್ಟೆಯ ಕಡಲ ಹದ್ದು. ವರ್ಷವಿಡೀ ಇಲ್ಲೇ ಇರುವ ಕರಾವಳಿಯ ನಿಜವಾದ ಯಜಮಾನ. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದಲ್ಲಿ ಇವುಗಳ ಗೂಡುಗಳಿವೆ. ಚಳಿಗಾಲದಲ್ಲಿ ಹೊಳೆಯ ಮೇಲೆ ಆಸ್‌ಪ್ರೇ ಬರುತ್ತದೆ. ಕಣ್ಣಿನ ಮೇಲೆ ಕಳ್ಳನ ಪಟ್ಟಿ, ರೆಕ್ಕೆ ಮಣಿಕಟ್ಟಿನ ಹತ್ತಿರ ಮುರಿದ ಹಾಗೆ ಬಾಗಿರುತ್ತದೆ. ಗಾಳಿಯಲ್ಲೇ ನಿಂತು ನೋಡಿ, ಕಾಲು ಮುಂದೆ ಮಾಡಿ ಧೊಪ್ಪನೆ ಬೀಳುತ್ತದೆ. ಹಿಡಿದ ಮೀನನ್ನು ತಲೆ ಮುಂದೆ ಬರುವ ಹಾಗೆ ತಿರುಗಿಸಿಕೊಂಡು ಹೋಗುತ್ತದೆ, ಗಾಳಿ ಕಮ್ಮಿ ತಾಗಲಿ ಅಂತ.

ಹೊಳೆ ಬದಿಯ ಕಪ್ಪು ಬೆಳ್ಳಕ್ಕಿಯನ್ನು ಮರೆಯಬಾರದು. ಬೆಳ್ಳಕ್ಕಿ ಕಪ್ಪಗೆ ಹೇಗೆ ಅಂತ ಕೇಳಬೇಡಿ, ವೆಸ್ಟರ್ನ್ ರೀಫ್ ಹೆರಾನ್ ಅನ್ನುವ ಹಕ್ಕಿ ಎರಡು ಬಣ್ಣದಲ್ಲಿ ಬರುತ್ತದೆ. ಕಡು ಬೂದು ಮೈಯದಾದರೆ ಗಂಟಲಷ್ಟೇ ಬಿಳಿ, ಸುಲಭ. ಪೂರ್ತಿ ಬಿಳಿಯದು ಸಿಕ್ಕಿದರೆ ಪುಟ್ಟ ಬೆಳ್ಳಕ್ಕಿಯ ಪಕ್ಕ ಇಟ್ಟು ನೋಡಿ. ರೀಫ್ ಹೆರಾನ್ ಕೊಕ್ಕು ದಪ್ಪ, ಬಣ್ಣ ಮಾಸಲು. ಪುಟ್ಟ ಬೆಳ್ಳಕ್ಕಿಯದು ಸಪೂರ, ಅಚ್ಚ ಕಪ್ಪು. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಕೆಳಕೊಂಬೆಯಲ್ಲಿ ಕರಿತಲೆಯ ಮಿಂಚುಳ್ಳಿ ಕೂತಿದ್ದರೆ ಆ ದಿನ ಮನೆಗೆ ಹೋಳಿಗೆ ಕಟ್ಟಿಸಿಕೊಂಡು ಹೋಗಬಹುದು.

ಪಾರ್ಕಿನ ಒಳಗೆ ಈ ತಿಂಗಳುಗಳಲ್ಲಿ ನೋಡಲು ಏನುಂಟು? ಹೊನ್ನಕ್ಕಿ, ಬೂದು ಕಾಜಾಣ, ಉದ್ದ ಬಾಲದ ರಾಜಹಕ್ಕಿ, ಪೊದೆಯೊಳಗಿಂದ ಚಕ್ ಚಕ್ ಅನ್ನುತ್ತಲೇ ಇದ್ದು ಮುಖ ತೋರಿಸದ ಬ್ಲೈತ್ಸ್ ರೀಡ್ ವಾರ್ಬ್ಲರ್. ಒಂದು ಬೆಂಚು ಹಿಡಿದು ಇಪ್ಪತ್ತು ನಿಮಿಷ ಅಲುಗಾಡದೆ ಕೂತರೆ ಎರಡು ಕಿಲೋಮೀಟರ್ ನಡೆದದ್ದಕ್ಕಿಂತ ಜಾಸ್ತಿ ಸಿಗುತ್ತದೆ. ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ಇಲ್ಲಿಂದಲೇ ಶುರು ಮಾಡಿ, ಬೀಚಿನಲ್ಲಿ ಅವರ ಗಮನ ನೀರಿನ ಮೇಲೆ.

ಸೆಕೆಗಾಲ

ಮಾರ್ಚ್ ಅಂದರೆ ಸೆಕೆ, ಬೆವರು, ಎಂಟೂವರೆಗೆ ತಲೆ ಸುತ್ತು. ಆದರೂ ಮಾರ್ಚ್ ಕೊನೆಯಿಂದ ಏಪ್ರಿಲ್ ನಡುವಿನವರೆಗೆ ಕನಿಷ್ಠ ಎರಡು ಬೆಳಿಗ್ಗೆ ತ್ಯಾಗ ಮಾಡಿ. ಆರು ತಿಂಗಳು ಮಾಸಿದ ಬಟ್ಟೆಯಲ್ಲಿ ಓಡಾಡಿದ ಹಕ್ಕಿಗಳು ಊರಿಗೆ ಹೊರಡುವ ಮುಂಚೆ ಮದುವೆ ಸೀರೆ ಉಡುತ್ತವೆ. ಸ್ಯಾಂಡ್ ಪ್ಲವರ್‌ನ ಎದೆ ಇಟ್ಟಿಗೆ ಕೆಂಪು. ಪೆಸಿಫಿಕ್ ಗೋಲ್ಡನ್ ಪ್ಲವರ್‌ನ ಹೊಟ್ಟೆ ಕಡು ಕಪ್ಪು, ಬೆನ್ನ ಮೇಲೆ ಚಿನ್ನದ ಚುಕ್ಕೆ. ಕಂದು ತಲೆಯ ಕಡಲಕ್ಕಿಗೆ ಕೊನೆಗೂ ಹೆಸರಿಗೆ ತಕ್ಕ ಕಂದು ತಲೆ. ಹೊಟ್ಟೆಬಾಕತನವೂ ಆಗಲೇ ಜಾಸ್ತಿ, ದೂರದ ಹಾರಾಟಕ್ಕೆ ಕೊಬ್ಬು ಕೂಡಿಸಿಕೊಳ್ಳಬೇಕಲ್ಲ.

ಇದೇ ಕಾರಣಕ್ಕೆ ಈ ವಾರಗಳಲ್ಲಿ ಗುಂಪನ್ನು ಎಬ್ಬಿಸಬೇಡಿ. ಫೋಟೋಕ್ಕಾಗಿ ಓಡಿಸುವುದು, ನಾಯಿ ಬಿಡುವುದು, ಡ್ರೋನ್ ಹಾರಿಸುವುದು, ಒಂದೂ ಬೇಡ. ಒಂದು ಸಲ ಎದ್ದರೆ ತಿಂದದ್ದರಲ್ಲಿ ಒಂದು ಪಾಲು ಸುಟ್ಟುಹೋಗುತ್ತದೆ. ತಿನ್ನುತ್ತಿದ್ದ ಹಕ್ಕಿಗಳೆಲ್ಲ ತಲೆ ಎತ್ತಿ ನಿಮ್ಮ ಕಡೆ ನೋಡಿದರೆ ನೀವು ಆಗಲೇ ತೀರಾ ಹತ್ತಿರ ಬಂದಾಗಿದೆ. ಎರಡು ಹೆಜ್ಜೆ ಹಿಂದೆ ಹೋಗಿ ಕೂತುಕೊಳ್ಳಿ. ವರ್ಷದ ಮೊದಲ ತಿಂಗಳುಗಳಲ್ಲಿ ಈ ಕರಾವಳಿಯ ಮರಳಿನಲ್ಲಿ ಆಲಿವ್ ರಿಡ್ಲಿ ಕಡಲಾಮೆಗಳೂ ಮೊಟ್ಟೆ ಇಡುತ್ತವೆ, ಅರಣ್ಯ ಇಲಾಖೆಯವರು ಬೇಲಿ ಕಟ್ಟಿದ ಜಾಗ ಕಂಡರೆ ಸುತ್ತು ಹಾಕಿ ನಡೆಯಿರಿ.

ಏಪ್ರಿಲ್ ಕೊನೆ, ಮೇ ಪೂರ್ತಿ ಊರಿನ ಹಕ್ಕಿಗಳದೇ ದರ್ಬಾರು. ಕೋಗಿಲೆ, ಕುಟ್ರು, ಟಿಟ್ಟಿಭ, ಸೂರಕ್ಕಿ. ಬೆಳಿಗ್ಗೆ ಎಂಟರೊಳಗೆ ಮುಗಿಸಿ ಮನೆಗೆ ಬಂದು ಮಜ್ಜಿಗೆ ಕುಡಿಯಿರಿ.

ಮಳೆಗಾಲ: ಎಲ್ಲರೂ ಬಿಡುವ ಕಾಲ, ನನಗೆ ಇಷ್ಟದ ಕಾಲ

ಮಂಗಳೂರಿಗೆ ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ದಕ್ಕೆ ಮೌನ. ಹೊಳೆ ಕೆಂಪಗೆ ತುಂಬಿ ಹರಿಯುವುದರಿಂದ ಕೆಸರು ದಡ ಕಾಣುವುದೇ ಇಲ್ಲ, ಇಳಿತದ ಲೆಕ್ಕ ಈ ಕಡೆ ನಡೆಯುವುದಿಲ್ಲ. ಹಾಗಾದರೆ ಏಕೆ ಹೋಗಬೇಕು?

ಗಾಳಿಗಾಗಿ. ದಡವನ್ನೇ ನೋಡದೆ ನಡು ಸಮುದ್ರದಲ್ಲಿ ಬದುಕುವ ಹಕ್ಕಿಗಳು ಅರಬ್ಬೀ ಸಮುದ್ರದ ತುಂಬ ಇವೆ. ಸೂಟಿ ಟರ್ನ್, ಬ್ರೈಡಲ್ಡ್ ಟರ್ನ್, ಬ್ರೌನ್ ನಾಡಿ, ಬೂಬಿಗಳು, ಕಡಲಗಳ್ಳ ಸ್ಕುವಾ. ಲಕ್ಷದ್ವೀಪದ ಪಿಟ್ಟಿ ಅನ್ನುವ ಮರಳುಗುಡ್ಡೆಯಂಥ ದ್ವೀಪದಲ್ಲಿ ಇವುಗಳಲ್ಲಿ ಕೆಲವು ಮರಿ ಮಾಡುತ್ತವೆ. ಎರಡು ಮೂರು ದಿನ ಪಶ್ಚಿಮದ ಬಿರುಗಾಳಿ ಎಡೆಬಿಡದೆ ಬೀಸಿದರೆ ಸೋತ ಹಕ್ಕಿಗಳು ದಡದ ಹತ್ತಿರಕ್ಕೆ, ಕೆಲವೊಮ್ಮೆ ದಡಕ್ಕೇ ಬಂದು ಬೀಳುತ್ತವೆ. ಗಾಳಿ ಸ್ವಲ್ಪ ತಗ್ಗಿದ ಮರುದಿನ ಬೆಳಿಗ್ಗೆ ಹೋಗಿ. ನೀರಿನಿಂದ ದೂರ, ಎತ್ತರದ ಜಾಗದಲ್ಲಿ, ಮಳೆ ತಾಗದ ಹಾಗೆ ನಿಲ್ಲಿ. ಬೈನಾಕ್ಯುಲರನ್ನು ಕಡಲ ಅಂಚಿನ ಗೆರೆಗೆ ಸ್ವಲ್ಪ ಕೆಳಗೆ ಇಟ್ಟು ಎಡದಿಂದ ಬಲಕ್ಕೆ ನಿಧಾನ ಸರಿಸಿ, ಮತ್ತೆ ಬಲದಿಂದ ಎಡಕ್ಕೆ. ಒಂದು ಗಂಟೆ. ಹತ್ತು ಸಲದಲ್ಲಿ ಎಂಟು ಸಲ ಏನೂ ಇರುವುದಿಲ್ಲ. ಉಳಿದ ಎರಡು ಸಲಕ್ಕಾಗಿಯೇ ನಾನು ಪ್ರತಿ ಜುಲೈಯಲ್ಲೂ ಒದ್ದೆಯಾಗುವುದು.

ಕಡಲಿಗೆ ಮಾತ್ರ ಇಳಿಯಬೇಡಿ. ಕಾಲು ಒದ್ದೆ ಮಾಡುವಷ್ಟೂ ಬೇಡ. ಮಳೆಗಾಲದ ಅಲೆ ಮರಳನ್ನು ಬುಡದಿಂದಲೇ ಎಳೆದುಕೊಂಡು ಹೋಗುತ್ತದೆ. ಗಾಳಿ ಜೋರಿದ್ದ ದಿನ ಗಾಳಿಮರಗಳ ಕೆಳಗೂ ನಿಲ್ಲಬೇಡಿ.

ಸೋತ ಕಡಲ ಹಕ್ಕಿ ಮರಳಿನಲ್ಲಿ ಕಂಡರೆ? ಎಲ್ಲರೂ ಮೊದಲು ಮಾಡುವ ತಪ್ಪು, ಅದನ್ನು ಎತ್ತಿ ಮತ್ತೆ ನೀರಿಗೆ ಬಿಡುವುದು. ನಾನೂ ಒಮ್ಮೆ ಅದನ್ನೇ ಮಾಡಿದೆ. ಮೂರನೇ ಅಲೆಗೆ ಹಕ್ಕಿ ಮುಗುಚಿಬಿತ್ತು, ಮತ್ತೆ ಮೇಲೆ ಬರಲಿಲ್ಲ. ಅದು ಮೀನು ಹಿಡಿಯಲಾಗದೆ, ಹಾರಲಾಗದೆ ದಡಕ್ಕೆ ಬಂದಿತ್ತು, ನಾನು ಅದನ್ನು ಅಲ್ಲಿಗೇ ಕಳಿಸಿದೆ. ನೀವು ಹಾಗೆ ಮಾಡಬೇಡಿ. ಒಂದು ಟವೆಲ್ ಅದರ ಮೇಲೆ ಹಾಕಿ, ರೆಕ್ಕೆ ಮೈಗೆ ಅಂಟುವ ಹಾಗೆ ಹಿಡಿದು, ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಇಡಿ. ಮುಖ ಹತ್ತಿರ ತರಬೇಡಿ, ಬೂಬಿಗಳು ಕಣ್ಣಿಗೇ ಕುಕ್ಕುತ್ತವೆ. ಹಾಗಂತ ಕೊಕ್ಕಿಗೆ ಟೇಪು, ರಬ್ಬರ್ ಬ್ಯಾಂಡ್ ಸುತ್ತಬೇಡಿ. ಬೂಬಿಗೆ ಹೊರಗಡೆ ಮೂಗಿನ ಹೊಳ್ಳೆಯೇ ಇಲ್ಲ, ಅದು ಉಸಿರಾಡುವುದು ಬಾಯಿಯಿಂದ. ಬಲವಂತವಾಗಿ ನೀರು, ಮೀನು ತುರುಕಬೇಡಿ. ಕತ್ತಲೆ, ಸದ್ದಿಲ್ಲದ ಜಾಗ, ತಕ್ಷಣ ಅರಣ್ಯ ಇಲಾಖೆಗೆ ಫೋನು. ಪಾರ್ಕಿನ ಸಿಬ್ಬಂದಿ ಅದೇ ಇಲಾಖೆಯವರು, ಅವರಿಗೆ ಹೇಳಿದರೂ ಆಯಿತು. ಮನೆಯಲ್ಲಿ ಇಟ್ಟುಕೊಂಡು ಸಾಕುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ತಪ್ಪು.

ಬರೆದಿಡುವುದು

ದಿನಾಂಕ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ, ನೀರು ಏರುತ್ತಿತ್ತೋ ಇಳಿಯುತ್ತಿತ್ತೋ, ಗಾಳಿ ಯಾವ ಕಡೆಯಿಂದ, ಯಾವ ಹಕ್ಕಿ ಎಷ್ಟು. ಇಷ್ಟು ಸಾಕು. ಹಕ್ಕಿ ನೋಡುವವರು ತಮ್ಮ ಪಟ್ಟಿ ಹಾಕುವ ಇ-ಬರ್ಡ್ ಜಾಲತಾಣಕ್ಕೆ ಹಾಕಿದರೆ ಬೇರೆಯವರಿಗೂ ಉಪಯೋಗ. ಕಾಗೆಯನ್ನೂ ಎಣಿಸಿ ಹಾಕಿ, ಅಪರೂಪದ್ದನ್ನು ಮಾತ್ರ ಬರೆಯುವವರ ಪಟ್ಟಿಯಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಯಾವುದಾದರೂ ಗೂಡು ಕಂಡರೆ ಜಾಗ ಮಾತ್ರ ಹೊರಗೆ ಹೇಳಬೇಡಿ. ಜನವರಿಯಲ್ಲಿ ಏಷ್ಯಾದಾದ್ಯಂತ ನೀರುಹಕ್ಕಿ ಗಣತಿ ನಡೆಯುತ್ತದೆ, ಫೆಬ್ರವರಿ ನಡುವಿನಲ್ಲಿ ನಾಲ್ಕು ದಿನ ಹಿತ್ತಲ ಹಕ್ಕಿಗಳ ಗಣತಿ ಇರುತ್ತದೆ. ಹೊಸಬರು ಹಳಬರ ಜೊತೆ ಸೇರಿಕೊಳ್ಳಲು ಇವೆರಡೂ ಒಳ್ಳೆಯ ನೆಪ. ಯಾರಾದರೂ ಸ್ಕೋಪ್ ತಂದಿರುತ್ತಾರೆ, ಇಣುಕಲು ಬಿಡುತ್ತಾರೆ.

ಇನ್ನೊಂದು ಮಾತು. ಸಂಜೆ ಹೊಳೆ ಬದಿಯಲ್ಲಿ ಬೆಳ್ಳಕ್ಕಿಗಳು ಮರಳುವುದನ್ನು ನೋಡುತ್ತಾ ಕೂತರೆ ಹೊತ್ತು ಹೋದದ್ದು ತಿಳಿಯುವುದಿಲ್ಲ. ಕೊನೆಯ ದೋಣಿ ಎಷ್ಟಕ್ಕೆ ಅಂತ ಬರುವಾಗಲೇ ದೋಣಿಯವರನ್ನು ಕೇಳಿಟ್ಟುಕೊಳ್ಳಿ. ಅದು ತಪ್ಪಿದರೆ ಎದುರಿಗೇ ಕಾಣುವ ಬತ್ತೇರಿಗೆ ಕೂಳೂರು ಸುತ್ತಿ ಬರಬೇಕು, ಆ ಹೊತ್ತಿಗೆ ರಿಕ್ಷಾದವರು ಹೇಳಿದ್ದೇ ರೇಟು.